ಚೆಂದದ ಚುಕ್ಕೆಗಳು

ನಮ್ಮ ಮೇಡಂ ಕೂದಲು ನರೆಯುವವರೆಗೂ ಹುಡುಕಿ ಕಂಡುಕೊಂಡ ಒಂದು ಬ್ಯಾಕ್ಟೀರಿಯಾವನ್ನು ಹಾಳು ಮಾಡಿದವನು ನಾನು. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳಿ. "ಮೊದಲು ಒಂದಿಷ್ಟು ಫ್ರೀಜರ್‌ನಲ್ಲಿ ಇಡಪ್ಪ, ನಿನ್ನ ಆಟ ಆಮೇಲೆ" ಎಂದು ಅವರು ಹೇಳಿದ್ದರು. ಆ ಮಾತನ್ನು ಅವರದೇ ದನಿಯಲ್ಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕ್ಯಾಂಟೀನಿನಲ್ಲಿ ಎಷ್ಟೋ ಸಲ ಆಡಿ ತೋರಿಸಿದ್ದೇನೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದಾರೆ. ಫ್ರೀಜರ್‌ನಲ್ಲಿ ಇಡುವುದೊಂದು ಮಾತ್ರ ಬಾಕಿ ಉಳಿಯಿತು.

ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಊರೂರಿನ ಮಣ್ಣು ತರುವುದು, ಅದರಲ್ಲಿರುವ ಬ್ಯಾಕ್ಟೀರಿಯಾಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು, ಯಾವುದಾದರೂ ರೋಗಾಣುವನ್ನು ಕೊಲ್ಲುವ ರಸ ಬಿಡುತ್ತದೆಯೇ ಎಂದು ಕಾಯುವುದು. ಹೊಸ ಔಷಧಿ ಹೀಗೇ ಸಿಗುತ್ತದೆ, ಸಾಮಾನ್ಯವಾಗಿ ಸಿಗುವುದಿಲ್ಲ. ಗೌರಿಬಿದನೂರಿನ ಜೋಳದ ಹೊಲ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ ಎಲ್ಲ ಮುಗಿದ ಮೇಲೆ, ಚಿಂತಾಮಣಿಯ ಹತ್ತಿರ ಅಂಬಾಜಿದುರ್ಗದ ಬುಡದ ಒಂದು ಕಡಲೆಕಾಯಿ ಹೊಲದಲ್ಲಿ ನಮ್ಮ ಅದೃಷ್ಟ ಖುಲಾಯಿಸಿತು. ಹೊಲದ ಯಜಮಾನರು ಬದುವಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

"ಏಮಪ್ಪಾ, ಮಣ್ಣು ತುಂಬಕ್ಕೆ ಇಷ್ಟು ಓದ್ಬೇಕಾ? ನಮ್ಮ ಟ್ರ್ಯಾಕ್ಟರ್ ಡ್ರೈವರ್ ಏಳನೇ ಕ್ಲಾಸು."

ಆ ಮಣ್ಣಿನ ಬ್ಯಾಕ್ಟೀರಿಯಾ ಸೀಮೆಸುಣ್ಣದ ಪುಡಿ ಉದುರಿಸಿದಂಥ ಒರಟು ಚುಕ್ಕೆಗಳಾಗಿ ಬೆಳೆಯಿತು. ಆಸ್ಪತ್ರೆಯ ಔಷಧಿಗಳಿಗೆ ಜಗ್ಗದ ರೋಗಾಣು ಅದರ ಹತ್ತಿರ ಸುಳಿಯಲಿಲ್ಲ. ಸುತ್ತಲೂ ಬಳೆಯಷ್ಟು ಜಾಗ ಖಾಲಿ. ಮೇಡಂ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು.

"ಬರೋ ವರ್ಷ ರಿಟೈರ್ ಆಗ್ತೀನಿ. ಅಷ್ಟರೊಳಗೆ ಇದರ ರಸ ಏನು ಅಂತ ಗೊತ್ತಾದ್ರೆ ಸಾಕಪ್ಪ. ಇಷ್ಟು ದಿನ ಮಣ್ಣು ಹೊತ್ತಿದ್ದಕ್ಕೆ ಅರ್ಥ ಬರುತ್ತೆ."

ಅದು ಸಾಯದ ಹಾಗೆ ಹಳೆಯ ತಟ್ಟೆಯಿಂದ ಹೊಸದಕ್ಕೆ ದಾಟಿಸುತ್ತಾ ಹೋಗುವುದು ನನ್ನ ಕೆಲಸ. ಪ್ರತಿ ಸಲವೂ ಒಂದು ಚುಕ್ಕೆ ಆರಿಸಬೇಕು. ಒರಟು ಚುಕ್ಕೆಗಳ ನಡುವೆ ಒಂದೆರಡು ನುಣ್ಣಗೆ ಹೊಳೆಯುವವೂ ಏಳುತ್ತಿದ್ದವು. ಬೇಗ ಬೆಳೆಯುತ್ತಿದ್ದವು, ಫೋಟೋದಲ್ಲೂ ಚೆಂದ. ಹೆಣ್ಣು ನೋಡಲು ಹೋದ ನಮ್ಮ ಸೋದರಮಾವಂದಿರ ಹಾಗೆ ನಾನು ಪ್ರತಿ ಸಲ ನುಣ್ಣನೆಯದನ್ನೇ ಒಪ್ಪಿದೆ. ಪುಡಿ ಕಟ್ಟುವುದನ್ನು ಮರೆತ ಚುಕ್ಕೆ ಎಷ್ಟೋ ಸಲ ರಸ ಬಿಡುವುದನ್ನೂ ಮರೆತಿರುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಹೊಡೆದಿದ್ದೆ.

ರಸ ತೆಗೆಯುವ ದಿನ ನೋಡಿದರೆ, ರೋಗಾಣು ನನ್ನ ಚೆಂದದ ಚುಕ್ಕೆಯ ಮೈಗೆ ಒರಗಿಕೊಂಡು ಹಾಯಾಗಿ ಬೆಳೆದಿತ್ತು.

"ಹೋಗ್ಲಿ ಬಿಡು. ಫ್ರೀಜರ್‌ನಲ್ಲಿ ಇಟ್ಟಿದ್ಯಲ್ಲ, ಅದನ್ನ ತಗೊಂಬಾ" ಎಂದರು ಮೇಡಂ.

ನಾನು ನಿಂತೇ ಇದ್ದೆ. ಅವರಿಗೆ ಅರ್ಥವಾಯಿತು. ಬೈದಿದ್ದರೆ ಕ್ಯಾಂಟೀನಿಗೆ ಒಂದು ಹೊಸ ಐಟಂ ಆದರೂ ಸಿಗುತ್ತಿತ್ತು, ಬೈಯಲಿಲ್ಲ.

ಹಳೆಯ ತಟ್ಟೆಗಳನ್ನು, ಲ್ಯಾಬಿನ ಪದ್ಧತಿಯಂತೆ ಒಂದು ಜೀವಾಣುವೂ ಉಳಿಯದ ಹಾಗೆ ಬೇಯಿಸಿ, ಎಸೆದಾಗಿತ್ತು. ತಂದ ಮಣ್ಣೂ ಖಾಲಿ. ಮತ್ತೆ ಬಸ್ಸು ಹತ್ತಿ ಹೊಲಕ್ಕೆ ಹೋದೆ. ಹೊಲವಿರಲಿಲ್ಲ. ಜಲ್ಲಿ ಹರಡಿ, ಕಲ್ಲು ನೆಟ್ಟು, ಸೈಟು ಮಾಡಿದ್ದರು.

"ಮೇಲಿನ ಮಣ್ಣೆಲ್ಲ ಬಳಿದು ಎತ್ತಾಕಿದ್ರಪ್ಪ" ಎಂದರು ಯಜಮಾನರು. "ಅವತ್ತು ಅಷ್ಟು ತಗೊಂಡೋದ್ಯಲ್ಲ, ತಿಂದ್ಬಿಟ್ಯಾ?"

ಅಂಚಿನಲ್ಲಿ ಕೆರೆದು ತಂದ ಮಣ್ಣಿನಲ್ಲಿ ಏನೂ ಏಳಲಿಲ್ಲ. ನನಗೆ ಬೇರೆ ಗೈಡ್ ಸಿಕ್ಕರು, ಬೇರೆ ವಿಷಯವೂ ಸಿಕ್ಕಿತು. ನನ್ನಂಥವರಿಗೆ ಎಲ್ಲವೂ ಸಿಗುತ್ತದೆ. ಮೇಡಂ ತಮ್ಮ ಮೇಜು ಖಾಲಿ ಮಾಡುತ್ತಿದ್ದ ದಿನ ಬಾಗಿಲಲ್ಲಿ ನಿಂತು, ಸಮಾಧಾನ ಹೇಳುವವನ ಹಾಗೆ ಬಾಯಿ ಬಿಟ್ಟೆ.

"ಮಣ್ಣಿಗೇನು ಬರ ಮೇಡಂ? ಮುರುಗಮಲ್ಲದ ಕಡೆ ಹೋಗಣ. ಅಲ್ಲಿ ಅಗೆದ್ರೆ ಇನ್ನೊಂದು ಸಿಗುತ್ತೆ."

ಅವರು ತಲೆ ಎತ್ತದೆ ಡಬ್ಬದ ಬಾಯಿ ಕಟ್ಟುತ್ತಾ ಹೇಳಿದರು:

"ಮಣ್ಣು ಎಲ್ಲಾದ್ರೂ ಅಗೀತೀಯಪ್ಪ. ನನ್ನ ವಯಸ್ಸನ್ನ ಎಲ್ಲಿಂದ ಅಗೆದು ತರ್ತೀಯ?"