ಐದೂವರೆಯ ಗೆರೆ

ಬೈರಮಂಗಲದ ಹತ್ತಿರ ಹೊಳೆಗೆ ಕಟ್ಟಿದ ಹಳೇ ಸೇತುವೆಯ ತಳಕ್ಕೆ ಹನ್ನೆರಡು ಸೆನ್ಸರ್ ಅಂಟಿಸಿದವನು ನಾನೇ. ಬೆಂಕಿಕಡ್ಡಿಗಿಂತ ಒಂಚೂರು ದಪ್ಪನೆಯ ಸ್ಟೀಲ್ ಕೊಳವೆ, ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನೆಳೆ. ಎಳೆಯಲ್ಲಿ ಬೆಳಕು ಓಡುತ್ತಿರುತ್ತದೆ. ಭಾರ ಬಿದ್ದು ಸೇತುವೆ ಬಾಗಿದರೆ ಆ ಬೆಳಕು ಬದಲಾಗಿ, ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ಮೇಲೇಳುತ್ತದೆ. ಮಳೆ, ಬಿಸಿಲು, ಧೂಳು ಯಾವುದಕ್ಕೂ ಅವು ಜಗ್ಗುವುದಿಲ್ಲ. ಅವನ್ನು ಕಾಯುತ್ತ ತಗಡಿನ ಶೆಡ್ಡಿನಲ್ಲಿ ಕೂತ ನನಗೇ ತಲೆ ಕೆಡುತ್ತಿತ್ತು.

ಸೇತುವೆ ಶಿಥಿಲವಾಗಿದೆಯೆಂದು ಲಾರಿ, ಬಸ್ಸುಗಳನ್ನು ಆಗಲೇ ನಿಲ್ಲಿಸಿದ್ದರು. ಮಾತಾಡೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಬಿಡದಿಯಿಂದ ಕಟ್ಟಿಸಿಕೊಂಡು ಬಂದ ತಟ್ಟೆ ಇಡ್ಲಿ, ಹೊಳೆಯ ನೊರೆ, ನಾನು, ಅಷ್ಟೇ. ನನ್ನ ಕಣ್ಣೆದುರಿಗೆ ಸಂಜೆ ಐದೂವರೆಗೆ ಮಾತ್ರ ಗೆರೆ ಎದ್ದು ಕುಣಿಯುತ್ತಿತ್ತು. ಒಬ್ಬ ಮುದುಕಿ ನೂರಕ್ಕೂ ಹೆಚ್ಚು ಕುರಿಗಳನ್ನು ಹೊಡೆದುಕೊಂಡು ಆಚೆ ದಡಕ್ಕೆ ಹೋಗುತ್ತಿದ್ದಳು. ಅಲ್ಲಿಯವರು ಗೊಬ್ಬರಕ್ಕೆಂದು ರಾತ್ರಿ ತಮ್ಮ ಹೊಲಗಳಲ್ಲಿ ಅವಳ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಬೆಳಗ್ಗೆ ನಾನು ಬರುವ ಮೊದಲೇ ಅವಳು ಈಚೆಗೆ ದಾಟಿರುತ್ತಿದ್ದಳು.

ಒಂದು ದಿನ ಅವಳನ್ನು ಕರೆದು ಗೆರೆ ತೋರಿಸಿದೆ.

“ಅಯ್ ಶಿವನೇ! ನನ್ ಕುರಿ ಹೋಗಿದ್ದು ಇದ್ರಲ್ಲಿ ಗೊತ್ತಾಯ್ತದಾ?”

“ಗೊತ್ತಾಯ್ತದೆ ಕಣವ್ವ.”

“ಹಂಗಾರೆ ನಾ ಬರ್ನಿಲ್ಲ ಅಂದ್ರೂ ಗೊತ್ತಾಯ್ತದೆ ಅನ್ನು,” ಎಂದು ನಕ್ಕಳು.

ಅಂದಿನಿಂದ ದಿನವೂ ಶೆಡ್ಡಿನ ಮುಂದೆ ಒಂದು ಗಳಿಗೆ ನಿಂತು “ಉಂಡಾ ಮಗಾ?” ಎಂದು ಕೇಳಿಯೇ ಹೋಗುತ್ತಿದ್ದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಮಾತಿಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ.

ತಿಂಗಳ ವರದಿ ಕಳಿಸುವಾಗ, ಐದೂವರೆಯ ಏರಿಕೆ ನೋಡಿ ಆಫೀಸಿನವರು ಗಾಬರಿಯಾಗದಿರಲಿ ಎಂದು ಪಕ್ಕದಲ್ಲಿ ಬರೆದೆ: ಕುರಿ ಮಂದೆ, ದಿನವೂ ಹಾಯುತ್ತದೆ. ನನ್ನ ಬುದ್ಧಿಗಿಷ್ಟು! ವಾರ ತುಂಬುವುದರೊಳಗೆ ಸೇತುವೆಯ ಎರಡೂ ತುದಿಗೆ ಕಬ್ಬಿಣದ ಬೇಲಿ ಬಿತ್ತು. ಇನ್ನು ಕುರಿ, ದನ ಯಾವುದೂ ಹಾಯುವಂತಿಲ್ಲ. ಆಫೀಸಿಗೆ ಫೋನ್ ಮಾಡಿ ಕಿರುಚಾಡಿದೆ. ಕುರಿಗಳ ಭಾರವನ್ನು ಸೇತುವೆ ಆರಾಮಾಗಿ ತಡೆಯುತ್ತದೆ ಎಂದೆ.

“ಬರೆದವರು ನೀವೇ ಅಲ್ವೇನ್ರೀ?” ಎಂದರು. ಫೋನ್ ಇಟ್ಟುಬಿಟ್ಟರು.

ಅಂದು ಸಂಜೆ ಅವಳು ಬೇಲಿಯ ಮುಂದೆ ನಿಂತಳು. ಸುತ್ತು ದಾರಿ ಹಿಡಿದರೆ ಐದಾರು ಕಿಲೋಮೀಟರ್, ಅವಳಿಗೋ ಮಂಡಿನೋವು.

“ಯಾರ್ ಹೇಳುದ್ರು ಮಗಾ, ನಮ್ ಕುರಿ ಇಲ್ಲಿ ಹಾಯ್ತವೆ ಅಂತ?”

“ನಾನೇ ಕಣವ್ವ. ಒಳ್ಳೇದಾಗ್ಲಿ ಅಂತ ಬರ್ದ್‌ಬುಟ್ಟೆ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕುರಿಗಳನ್ನು ಹಿಂದಕ್ಕೆ ತಿರುಗಿಸಿಕೊಂಡಳು. ಉಂಡಾ ಎಂದು ಕೇಳಲಿಲ್ಲ.

ಮರುದಿನ ಐದೂವರೆಗೆ ಗೆರೆ ಮಲಗಿಯೇ ಇತ್ತು. ಆರಾಯಿತು. ತಡೆಯಲಾಗದೆ ಬೇಲಿ ಹತ್ತಿ ಇಳಿದು, ಸೇತುವೆಯ ನಡುಮಧ್ಯಕ್ಕೆ ಹೋಗಿ, ಹುಚ್ಚು ಹಿಡಿದವನ ಹಾಗೆ ಎಗರಿ ಎಗರಿ ಕುಣಿದೆ. ಏದುಸಿರು ಬಿಡುತ್ತ ಓಡಿಬಂದು ಲ್ಯಾಪ್‌ಟಾಪ್ ನೋಡಿದೆ. ನಾನೊಬ್ಬ ಅಲ್ಲಿ ನಿಂತಿದ್ದು ಅದಕ್ಕೆ ಗೊತ್ತೇ ಆಗಿರಲಿಲ್ಲ.