ಯು ವಾರ್ಸಿನಿಯ ವೈಫೈ ಬೀಗ

ಸೆಮರಾಂಗಿನ ನಮ್ಮ ಓಣಿಯಲ್ಲಿ ವಾರ್ಸಿನಿಯ ಕೈಯ ಜಾಮು ಕುಡಿಯದೆ ಬೆಳೆದವರು ಕಡಿಮೆ. ಓಣಿಗೆಲ್ಲ ಅವಳು ಯು ವಾರ್ಸಿನಿ, ಅಂದರೆ ವಾರ್ಸಿನಿ ಅಕ್ಕ. ಅರಿಸಿನ, ಶುಂಠಿ, ಹುಣಿಸೆ ಅರೆದು ಬಾಟಲಿಗೆ ತುಂಬಿ, ಬುಟ್ಟಿ ಬೆನ್ನಿಗೆ ಕಟ್ಟಿ ಹೊರಟಳೆಂದರೆ ಬಾಣಂತಿಯರೂ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಅರೆದ ಮದ್ದಿನಲ್ಲಿ ಏನಿದೆಯೆಂದು ಯಾರು ಸೋಸಿ ನೋಡುತ್ತಾರೆ? ಆ ಕಸುಬಿನ ಬಂಡವಾಳ ಒಂದೇ, ಒಳ್ಳೆಯ ಹೆಸರು.

ಗಿರಾಕಿಗಳು ಫೋನಿನಲ್ಲಿ ಜಾಮು ಬೇಕೆಂದು ಹೇಳತೊಡಗಿದ ಮೇಲೆ ಮನೆಗೆ ವೈಫೈ ಹಾಕಿಸಿದಳು. ದಾರಿಹೋಕರಿಗೆಂದು ಮನೆಯ ಮುಂದೆ ಮಣ್ಣಿನ ಹೂಜಿಯಲ್ಲಿ ನೀರಿಡುವುದು ನಮ್ಮವರ ಹಳೆಯ ರೂಢಿ. ವಾರ್ಸಿನಿ ವೈಫೈಯನ್ನೂ ಹಾಗೇ ಇಟ್ಟಳು, ಪಾಸ್‌ವರ್ಡ್ ಇಲ್ಲದೆ. ಓಣಿಯ ಗಂಡಸರು ಅವಳ ಗೋಡೆಗೆ ಬೆನ್ನು ಕೊಟ್ಟು ಹೊತ್ತುಗಟ್ಟಲೆ ಫೋನು ತಿಕ್ಕುತ್ತ ಕೂರುತ್ತಿದ್ದರು.

ನಾನು ಶಾಲೆಯ ಮುಖ ಕಂಡವನಲ್ಲ, ರೇಡಿಯೋ ಬಿಚ್ಚಿ ಬಿಚ್ಚಿ ಕಲಿತವನು. ಆದರೂ ಹೇಳಿದೆ: "ಅದರಲ್ಲಿ ಯಾರು ಏನು ಮಾಡಿದ್ರೂ ನೀನೇ ಮಾಡ್ದಂಗೆ ಕಾಣುತ್ತೆ ಕಣೇ. ಬೀಗ ಹಾಕು."

"ನೀರು ಕುಡಿದೋರ ಹೆಸರು ಕೇಳೋಕಾಗುತ್ತಾ ಪಾಕ್‌ಡೆ?" ಎಂದು ನಕ್ಕಳು. ಪಾಕ್‌ಡೆ ಅಂದರೆ ದೊಡ್ಡಪ್ಪ. ನನ್ನನ್ನು ಎಲ್ಲರೂ ಕರೆಯುವುದು ಹಾಗೆ.

ಒಂದು ಬೆಳಿಗ್ಗೆ ಪೊಲೀಸರು ಬಂದರು. ಇಲ್ಲದ ಬೈಕುಗಳನ್ನು ಮಾರುವ ನಾಟಕವಾಡಿ ಯಾರೋ ಜನರಿಂದ ಮುಂಗಡ ಕಿತ್ತಿದ್ದರು, ಅದೂ ವಾರ್ಸಿನಿಯ ವೈಫೈಯಿಂದ. ಓಣಿಯೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ಅವಳನ್ನು ಜೀಪು ಹತ್ತಿಸಿದರು. ಫೋನಿನಲ್ಲಿ ಏನೂ ಸಿಗದೆ ಸಂಜೆಗೆ ಬಿಟ್ಟರು. ಮರುದಿನ ತುಂಬಿದ ಬಾಟಲಿಗಳು ತುಂಬಿದ ಹಾಗೇ ಮನೆಗೆ ಬಂದವು.

ನಾನೇ ಹೋಗಿ ವೈಫೈ ಪೆಟ್ಟಿಗೆಗೆ ಬೀಗ ಹಾಕಿದೆ. ಪೆಟ್ಟಿಗೆಯ ಸೆಟ್ಟಿಂಗ್ ತೆರೆಯಲೆಂದು ಕಂಪನಿಯವರು ಅದರ ಬೆನ್ನಿಗೆ ಅಂಟಿಸಿದ್ದ ಪಾಸ್‌ವರ್ಡ್ ಮೊದಲು ಬದಲಾಯಿಸಿದೆ, ಆಮೇಲೆ ವೈಫೈಗೊಂದು ಉದ್ದನೆಯದು ಕೊಟ್ಟೆ. "ಹೆತ್ತ ತಾಯಿ ಎದ್ದು ಬಂದು ಕೇಳಿದ್ರೂ ಹೇಳಬೇಡ" ಅಂದೆ.

"ಏನು ಯು, ಗಾಳಿಗೂ ಬೀಗ ಜಡಿದ್ಯಂತೆ?" ಎಂದು ಎದುರು ಮನೆಯ ಪೈನೆಮ್ ಕುಟುಕಿದಳು. "ನಾಳೆ ಉಸಿರಾಡೋಕೂ ನಿನ್ನ ಕೇಳ್ಬೇಕೋ?"

ವಾರ್ಸಿನಿ ಬೀಗ ತೆಗೆಯಲಿಲ್ಲ, ಬುಟ್ಟಿ ಕಟ್ಟಿ ಹೊರಟಳು. ತಿಂಗಳೆರಡು ಕಳೆಯುವಷ್ಟರಲ್ಲಿ ಬಾಣಂತಿಯರು ಮತ್ತೆ ಅವಳ ಬುಟ್ಟಿ ಕಾಯತೊಡಗಿದ್ದರು.

ಅಷ್ಟರಲ್ಲಿ ಲೆಬರಾನ್ ಹಬ್ಬ ಬಂತು. ಅವತ್ತು ಮನೆಮನೆಗೆ ಹೋಗಿ, ಕಂಡದ್ದು ಕಾಣದ್ದು ಎಲ್ಲ ತಪ್ಪಿಗೂ ಕ್ಷಮೆ ಕೇಳುವುದು, ಕೇಳಿದವರನ್ನು ಕ್ಷಮಿಸುವುದು ಪದ್ಧತಿ. ಮೂಲೆಮನೆಯ ಹರ್ಜಿತೋ ಬಂದು ಅವಳ ಎರಡೂ ಕೈ ಹಿಡಿದು ಗಳಗಳ ಅತ್ತ. ಅವಳು ಕ್ಷಮಿಸಿದಳು. ಕಣ್ಣೊರೆಸಿಕೊಂಡು, ಮೊಮ್ಮಗಳ ಪಾಠಕ್ಕೆಂದು ವೈಫೈ ಪಾಸ್‌ವರ್ಡ್ ಕೇಳಿದ. ಕೊಟ್ಟಳು.

"ಕ್ಷಮೆ ಕೇಳೋಕೆ ಬಂದೋನಿಗೆ ಬೀಗದ ಕೈ ಯಾಕೆ ಕೊಟ್ಟೆ, ಬುದ್ಧಿಗೇಡಿ?"

"ಈಗಷ್ಟೇ ಕ್ಷಮಿಸ್ದೆ ಅಂದ ಬಾಯಲ್ಲೇ ಇಲ್ಲ ಅನ್ನೋಕಾಗುತ್ತಾ ಪಾಕ್‌ಡೆ?"

ಆರು ವಾರಕ್ಕೆ ಪೊಲೀಸರು ಮತ್ತೆ ಬಂದರು. ಅದೇ ಬೈಕು, ಅದೇ ಮೋಸ. ಈ ಸಲ ಬೀಗವಿತ್ತು, ಒಳಗೆ ಬಂದ ಫೋನುಗಳ ಪಟ್ಟಿ ಪೆಟ್ಟಿಗೆಯಲ್ಲಿತ್ತು. ತೆರೆದು ತೋರಿಸಿದೆ. ಮೂರೇ ಫೋನು: ಅವಳದು, ನನ್ನದು, ಹರ್ಜಿತೋನದು. ಪೊಲೀಸರು ನಮ್ಮಿಬ್ಬರ ಫೋನು ಅಲ್ಲೇ ನೋಡಿ, ಏನೂ ಸಿಗದೆ ಮೂಲೆಮನೆಗೆ ನಡೆದರು. ಅವನು ಎರಡೂ ಸಲದ್ದನ್ನು ಒಪ್ಪಿಕೊಂಡು ಜೀಪು ಹತ್ತಿದ.

ಇನ್ನು ಅವಳ ಹೆಸರು ತೊಳೆದ ಮುತ್ತಾಯಿತು ಅಂದುಕೊಂಡೆ. ಎಪ್ಪತ್ತು ವರ್ಷ ಈ ಜನರ ನಡುವೆ ಬಾಳಿಯೂ ನನಗೆ ಅವರ ಅಳತೆ ಸಿಕ್ಕಿರಲಿಲ್ಲ.

"ಹಬ್ಬದ ದಿನ ಕ್ಷಮಿಸಿ, ಆಮೇಲೆ ಹಿಡಿದುಕೊಟ್ಲು. ಅಂಥ ಕೈಯಿಂದ ನನ್ನ ಸೊಸೆಗೆ ಮದ್ದು ಕುಡಿಸಲಾ?" ಎಂದಳು ಪೈನೆಮ್.

"ಅವನು ಕ್ಷಮೆ ಕೇಳಿದ್ದು ಹಳೇ ತಪ್ಪಿಗೆ ಕಣೇ, ಮುಂದೆ ಮಾಡೋದಕ್ಕಲ್ಲ!" ಎಂದೆ.

"ಕ್ಷಮೆ ಅಂದ್ಮೇಲೆ ಲೆಕ್ಕ ಹಾಕ್ತಾರಾ ಪಾಕ್‌ಡೆ?"

ಪೊಲೀಸರು ಹುಟ್ಟಿಸಿದ ಅನುಮಾನ ಎರಡು ತಿಂಗಳಿಗೆ ಮಾಸಿತ್ತು, ಈ ಮಾತು ಮಾಸಲಿಲ್ಲ. ಹರ್ಜಿತೋನ ಹೆಂಡತಿಗೆ ಓಣಿಯವರು ಸರದಿಯ ಮೇಲೆ ಅನ್ನ ಸಾಗಿಸಿದರು. ವಾರ್ಸಿನಿಯ ಬಾಗಿಲಿಗೆ ಯಾರೂ ಬರಲಿಲ್ಲ.

ಅವಳು ಈಗಲೂ ಬುಟ್ಟಿ ಹೊತ್ತು ಹೊರಡುತ್ತಾಳೆ. ನಮ್ಮ ಓಣಿಯನ್ನು ತಲೆ ತಗ್ಗಿಸಿ, ಬಾಯಿ ಬಿಗಿದು ದಾಟುತ್ತಾಳೆ. ದೊಡ್ಡ ರಸ್ತೆಯ ಆಚೆ, ಅವಳ ಹೆಸರೇ ಗೊತ್ತಿಲ್ಲದ ಜನರ ನಡುವೆ ಹೋದ ಮೇಲೆಯೇ "ಜಾಮೂ" ಎಂದು ಕೂಗುವುದು.