ಪೆಟ್ಟಿಗೆಯ ಹಿಂದಿನ ಬಿಸಿ

೧೯೯೬ರಲ್ಲಿ, ಒಂಬತ್ತನೇ ಕ್ಲಾಸಿಗೆ, ನಾನು ಓದು ನಿಲ್ಲಿಸಿದೆ. ಶಾಖದ ಪಾಠ ಬರುವ ಮೊದಲೇ ಬಿಟ್ಟೆನೋ, ಬಂದ ದಿನ ಚಕ್ಕರ್ ಹೊಡೆದಿದ್ದೆನೋ ನೆನಪಿಲ್ಲ. ಆಮೇಲೆ ಅದನ್ನು ಕೆ.ಆರ್. ನಗರದ ಫ್ರಿಡ್ಜ್ ರಿಪೇರಿ ಅಂಗಡಿಯಲ್ಲಿ ಬೆರಳು ಸುಟ್ಟುಕೊಂಡು ಕಲಿತೆ. ತಂಪು ಅಂತ ಒಂದು ಪದಾರ್ಥವೇ ಲೋಕದಲ್ಲಿಲ್ಲ. ಇರುವುದು ಬಿಸಿ ಒಂದೇ. ಫ್ರಿಡ್ಜು ಒಳಗಿನ ಬಿಸಿಯನ್ನು ಹೊತ್ತು ಹಿಂದುಗಡೆ ಸುರಿಯುತ್ತದೆ, ಅಷ್ಟೇ. ಇದನ್ನು ವಿವರಿಸಹೋಗಿ ಎಷ್ಟೋ ಗಿರಾಕಿಗಳ ಕಾಫಿ ಆರಿಸಿದ್ದೇನೆ.

ಕಳೆದ ಮಾಗಿಯಲ್ಲಿ ಚುಂಚನಕಟ್ಟೆ ಪಕ್ಕದ ಹಳ್ಳಿಯಿಂದ ಫೋನು ಬಂತು. ಬೆಳಗ್ಗೆ ತೀರಿಕೊಂಡ ತಿಮ್ಮೇಗೌಡರನ್ನು ಮಲಗಿಸಿದ್ದ ಬಾಡಿಗೆ ಫ್ರೀಜರ್ ಪೆಟ್ಟಿಗೆ ಕೆಟ್ಟಿತ್ತು. ಪುಣೆಯಿಂದ ಹೊರಟ ಒಬ್ಬಳೇ ಮಗಳು ತಲುಪುವುದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಅಪ್ಪನ ಮುಖ ಕೆಡಬಾರದು.

ಹೋಗಿ ನೋಡಿದರೆ, ಪೈಪಿನ ಬೆಸುಗೆ ಬಿಟ್ಟು ಬಿಸಿ ಹೊರುವ ಗ್ಯಾಸೆಲ್ಲ ಹೋಗಿತ್ತು. ಗೌಡರನ್ನು ಐಸ್ ಗಡ್ಡೆಗಳ ನಡುವೆ ಮಲಗಿಸಿ, ಬೆಸುಗೆ ಹಾಕಿ, ವ್ಯಾಕ್ಯೂಮ್ ಪಂಪು ಹಚ್ಚಿ ಕೂತೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಸೋಮಾರಿಯಾಗಿ ಕಾಣುವ ಕೆಲಸ ಇನ್ನೊಂದಿಲ್ಲ. ಪಂಪು ಗುಂಯ್‌ಗುಡುತ್ತದೆ, ನಾವು ಮೀಟರಿನ ಮುಳ್ಳು ನೋಡುತ್ತೇವೆ.

ಗೌಡರ ತಮ್ಮ ರಾಮಣ್ಣನಿಗೆ ತಡೆಯಲಾಗಲಿಲ್ಲ. "ಏನ್ಲಾ, ಗ್ಯಾಸ್ ತುಂಬ್ಲಾ ಅಂದ್ರೆ ಪೂಜೆಗೆ ಕುಂತಂಗೆ ಕುಂತಿದ್ದೀಯಲ್ಲ! ನಮ್ಮಣ್ಣ ಕಾಯ್ತಾನಾ?"

"ಗಲಾಟೆ ಮಾಡ್ದೆ ಕಾಯ್ತಿರೋರು ಅವರೊಬ್ರೇ ಕಣ್ರೀ. ನೀವೂ ವಸಿ ಕಾಯ್ರಿ."

ಪೈಪಿನೊಳಗಿನ ಗಾಳಿಯನ್ನು ಎಳೆದರೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಒಳಗಿನ ನೀರಿನ ಪಸೆ ಬೆಂಕಿಯಿಲ್ಲದೆಯೇ ಕುದಿದು ಆವಿಯಾಗಿ ಹೊರಟುಹೋಗುತ್ತದೆ. ಅವಸರ ಮಾಡಿದರೆ ಉಳಿದ ಒಂದು ಹನಿಯೇ ಸಣ್ಣ ಪೈಪಿನಲ್ಲಿ ಹೆಪ್ಪುಗಟ್ಟಿ, ಮಗಳು ದಾರಿಯಲ್ಲಿರುವಾಗಲೇ ಪೆಟ್ಟಿಗೆ ಮತ್ತೆ ನಿಲ್ಲುತ್ತದೆ. ಪೂರ್ತಿ ಖಾಲಿಯಾಗಲು ಹೊತ್ತು ಬೇಕು. ಒಬ್ಬರು ಹೋದ ಮನೆಗೂ ಹಾಗೆಯೇ; ಆದರೆ ಅದು ಸಾವಿನ ಮನೆಯಲ್ಲಿ ಆಡುವ ಮಾತಲ್ಲ.

ಪಂಪು ನಿಲ್ಲಿಸಿದ ಮೇಲೂ ಮುಳ್ಳು ಅಲುಗಲಿಲ್ಲ; ಅಂದರೆ ಸೋರಿಕೆಯೂ ಇಲ್ಲ, ಪಸೆಯೂ ಇಲ್ಲ. ಗ್ಯಾಸ್ ತುಂಬಿ, ಗೌಡರನ್ನು ಮತ್ತೆ ಒಳಗೆ ಮಲಗಿಸಿದೆವು.

ಮರುದಿನ ಮಧ್ಯಾಹ್ನ ಮನಸ್ಸು ತಡೆಯದೆ ಮತ್ತೆ ಹೋದೆ. ಮುಖ ಹಾಗೇ ಇತ್ತು. ಆಗಷ್ಟೇ ಬಂದಿದ್ದ ಮಗಳು ಕೆನ್ನೆ ಮುಟ್ಟಿ, "ಇಷ್ಟೊಂದು ತಣ್ಣಗಾಗಿದ್ದೀಯಲ್ಲಪ್ಪ" ಅಂದಳು. ಕೆಲಸ ಚೆನ್ನಾಗಿದೆ ಅಂದವರ ಮುಂದೆ ಹೆಮ್ಮೆಪಡುವುದು ನನಗೆ ಗೊತ್ತು. ಈ ಮಾತಿಗೆ ಏನು ಪಡಬೇಕೋ ತಿಳಿಯಲಿಲ್ಲ.

ಗೌಡರ ಹೆಂಡತಿ ಜಯಮ್ಮ ಪೆಟ್ಟಿಗೆಯ ಹಿಂದೆ, ಬಿಸಿಗಾಳಿ ಬರುವ ಜಾಲರಿಗೆ ಬೆನ್ನು ಕೊಟ್ಟು ಕೂತಿದ್ದರು.

"ಈ ಕಡೆ ಬನ್ನಿ ಅವ್ವ."

"ಇರ್ಲಿ ಬುಡಪ್ಪ, ರಾತ್ರಿಯಿಂದ ಇಲ್ಲೇ ಇವ್ನಿ. ಇಲ್ಲಿ ಬೆಚ್ಚಗದೆ."

ಆ ಬಿಸಿಯಲ್ಲಿ ಹೆಚ್ಚಿನದು ಗೌಡರದಲ್ಲ, ಕಂಪ್ರೆಸರ್ ಮೋಟರಿನದು, ಪಡಸಾಲೆಯದು ಎಂದು ನಾನು ಹೇಳಲಿಲ್ಲ. ಏನನ್ನೂ ವಿವರಿಸದೆ ಎದ್ದು ಬಂದದ್ದು ಅದೇ ಮೊದಲು.

ಈಗ ನನ್ನ ಹತ್ತಿರ ಇರುವುದು ಒಂದು ಅಂಗಡಿ, ಎರಡು ಪಂಪು, ಒಂದು ಹಳೇ ಸ್ಕೂಟರು, ಮತ್ತು ಮಾಗಿಯಲ್ಲಿ ತನ್ನ ತಣ್ಣನೆಯ ಪಾದಗಳನ್ನು ನನ್ನ ಕಾಲಿಗೆ ಒತ್ತಿ ಮಲಗುವ ಒಬ್ಬ ಹೆಂಡತಿ.